ಲೈಬ್ರರಿಯ ‘ಕೊಲೆ ಪುಸ್ತಕ’ಗಳ ವಿಚಾರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವಾರ ಒಂಬತ್ತನೇ ತರಗತಿಯ ಮೂವರು ಮಕ್ಕಳ ಡೈರಿಯಲ್ಲಿ ಹೆಚ್ಚುಕಡಿಮೆ ಒಂದೇ ಮಾತು ಬರೆದು ಬಂದಿತ್ತು: ‘ಲೈಬ್ರರಿಯಿಂದ ಕೊಲೆ ಕಥೆಗಳನ್ನು ಕೊಡಬೇಡಿ, ಪರೀಕ್ಷೆ ಹತ್ತಿರ ಬಂತು.’ ಗೇಟಿನ ಹತ್ತಿರ ನಿಂತು ಹೇಳಿ ಮುಗಿಸುವ ವಿಷಯವಲ್ಲ ಅನ್ನಿಸಿ ಎಲ್ಲರಿಗೂ ಬರೆಯುತ್ತಿದ್ದೇನೆ.

ಆ ಪುಸ್ತಕಗಳು ಇಂಗ್ಲಿಷ್ ಪತ್ತೇದಾರಿ ಕಾದಂಬರಿಕಾರ್ತಿ ಅಗಾಥಾ ಕ್ರಿಸ್ಟಿಯವರದ್ದು. ಅವನ್ನು ಕಪಾಟಿನಿಂದ ತೆಗೆಸುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಏಕೆ ಎನ್ನುವುದನ್ನು ದಯವಿಟ್ಟು ಕೇಳಿ.

ಆಕೆ ಹುಟ್ಟಿದ್ದು 1890ರಲ್ಲಿ, ಇಂಗ್ಲೆಂಡಿನ ಟಾರ್ಕೀ ಎಂಬ ಕಡಲೂರಿನಲ್ಲಿ. ಎಂಟು ವರ್ಷ ತುಂಬುವವರೆಗೆ ಮಗುವಿಗೆ ಓದು ಕಲಿಸಬಾರದು ಎನ್ನುವುದು ತಾಯಿಯ ಲೆಕ್ಕಾಚಾರ. ಹುಡುಗಿ ಐದು ತುಂಬುವ ಹೊತ್ತಿಗೆ ತಾನಾಗಿಯೇ ಓದತೊಡಗಿದ್ದಳು. ಮನೆಯಲ್ಲಿ ಅವಳಿಗಿದ್ದ ಹೆಸರು ‘ನಿಧಾನದವಳು’. ಸ್ಪೆಲಿಂಗ್ ಅಂತೂ ದೊಡ್ಡವಳಾದ ಮೇಲೂ ಕೈಕೊಡುತ್ತಿತ್ತು. (ಕಾಪಿಯಲ್ಲಿ ಕೆಂಪು ಗೆರೆ ಕಂಡು ಗಾಬರಿಯಾಗುವ ಅಪ್ಪ ಅಮ್ಮಂದಿರು ಈ ಸಾಲನ್ನು ಇನ್ನೊಮ್ಮೆ ಓದಬಹುದು.)

ಮೊದಲ ಮಹಾಯುದ್ಧದಲ್ಲಿ ಆಕೆ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ, ಆಮೇಲೆ ಔಷಧ ವಿಭಾಗದಲ್ಲಿ ದುಡಿದರು. ತರಬೇತಿಗೆಂದು ಔಷಧದಂಗಡಿಯೊಂದಕ್ಕೆ ಹೋಗುತ್ತಿದ್ದಾಗ ನಡೆದ ಒಂದು ಸಂಗತಿ ಆತ್ಮಕಥೆಯಲ್ಲಿದೆ. ಕಲಿಸುತ್ತಿದ್ದ ಅನುಭವಿ ಮನುಷ್ಯ ಲೆಕ್ಕದಲ್ಲಿ ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿಟ್ಟ. ಔಷಧ ಹತ್ತು ಪಟ್ಟು ಸೇರಿಬಿಟ್ಟಿತ್ತು. ಗುರುವಿಗೆ ‘ನಿಮ್ಮ ಲೆಕ್ಕ ತಪ್ಪು’ ಎನ್ನುವುದು ಹೇಗೆ? ಆಕೆ ಎಡವಿದ ಹಾಗೆ ನಟಿಸಿ ಅದನ್ನಷ್ಟೂ ನೆಲಕ್ಕೆ ಬೀಳಿಸಿ, ಮೇಲೆ ಗಟ್ಟಿಯಾಗಿ ಕಾಲೂರಿದರು. ನಮ್ಮ ಗಣಿತದ ಮೇಷ್ಟ್ರು ಇದನ್ನು ತರಗತಿಯಲ್ಲಿ ಹೇಳಿದಂದಿನಿಂದ ದಶಮಾಂಶಕ್ಕೆ ಸ್ವಲ್ಪ ಮರ್ಯಾದೆ ಬಂದಿದೆ.

ಆ ಸೀಸೆಗಳ ನಡುವೆಯೇ ಮೊದಲ ಪತ್ತೇದಾರಿ ಕಾದಂಬರಿಯ ಯೋಚನೆ ಹುಟ್ಟಿದ್ದು. ಯುದ್ಧಕ್ಕೆ ಹೆದರಿ ಓಡಿಬಂದು ಊರಿನಲ್ಲಿ ತಂಗಿದ್ದ ಬೆಲ್ಜಿಯಂ ನಿರಾಶ್ರಿತರನ್ನು ನೋಡಿ ಪತ್ತೇದಾರ ಪ್ವಾರೋನನ್ನು ಕಟ್ಟಿದರು. (ನಮ್ಮ ಮಕ್ಕಳ ಬಾಯಲ್ಲಿ ಅವನು ‘ಪೊಯಿರಾಟ್’.) ಹಲವು ಪ್ರಕಾಶಕರು ವಾಪಸು ಕಳಿಸಿದ ಆ ಪುಸ್ತಕ 1920ರಲ್ಲಿ ಅಚ್ಚಾಯಿತು. ಅದರಲ್ಲಿನ ವಿಷದ ವಿವರಗಳನ್ನು ಔಷಧಶಾಸ್ತ್ರದ ಪತ್ರಿಕೆಯೇ ಮೆಚ್ಚಿ ಬರೆಯಿತು.

ಇನ್ನೊಂದು ಕೇಳಿ. 1977ರಲ್ಲಿ ಕತಾರ್‌ನಿಂದ ಲಂಡನ್ನಿನ ಆಸ್ಪತ್ರೆಗೆ ಒಂದು ಪುಟ್ಟ ಮಗುವನ್ನು ತಂದರು. ಕಾಯಿಲೆ ಏನೆಂದು ವೈದ್ಯರಿಗೆ ಬಗೆಹರಿಯಲಿಲ್ಲ. ಆ ಹೊತ್ತಿಗೆ ಕ್ರಿಸ್ಟಿಯವರ ಕಾದಂಬರಿಯೊಂದನ್ನು ಓದುತ್ತಿದ್ದ ನರ್ಸ್ ಒಬ್ಬಳಿಗೆ ಮಗುವಿನ ಕೂದಲು ಉದುರುವುದನ್ನು ಕಂಡು ಅನುಮಾನ ಬಂತು: ಇದು ಥ್ಯಾಲಿಯಂ ವಿಷವಿರಬಹುದೇ? ಪರೀಕ್ಷಿಸಿದರೆ ಹೌದು. ಮಗು ಚೇತರಿಸಿಕೊಂಡಿತು. ಕಾದಂಬರಿ ಯಾವುದೆಂದು ಮಾತ್ರ ಹೇಳಲಾರೆ. ಅದು ಈಗ ನಿಮ್ಮಲ್ಲೇ ಯಾರದೋ ಮನೆಯಲ್ಲಿದೆ, ಓದಿ ಮುಗಿದಿಲ್ಲ.

ಈ ಕಥೆಗಳಲ್ಲಿ ರಕ್ತ ಕಾಣುವುದು ಕಡಿಮೆ. ಟಿ.ವಿ. ಧಾರಾವಾಹಿಗಳ ಹೊಡೆದಾಟದ ಮುಂದೆ ಇವು ಏನೇನೂ ಅಲ್ಲ. ಇಲ್ಲಿ ಕೆಲಸವೆಲ್ಲ ತಲೆಯದು. ಮೊನ್ನೆ ಲೈಬ್ರರಿ ಪಿರಿಯಡ್‌ನಲ್ಲಿ ಒಬ್ಬ ಹುಡುಗಿ ಕೊನೆಯ ಅಧ್ಯಾಯದಲ್ಲಿ ಬೆರಳಿಟ್ಟುಕೊಂಡು ಮೂರನೆಯ ಅಧ್ಯಾಯಕ್ಕೆ ತಿರುಗಿ ಹೋಗಿದ್ದಳು. ‘ಮಿಸ್, ಇಲ್ಲೇ ಹೇಳಿದ್ದಾರೆ! ನಾನೇ ಸರಿಯಾಗಿ ಓದಲಿಲ್ಲ’ ಅಂದಳು, ಮೋಸ ಹೋದವಳ ಸಿಟ್ಟಿನಲ್ಲಿ. ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ಇಂಗ್ಲಿಷ್ ಪಠ್ಯಪುಸ್ತಕದ ಪುಟವನ್ನು ಹಾಗೆ ಹಿಂದಕ್ಕೆ ತಿರುವಿದ ಮಗುವನ್ನು ನಾನು ಕಂಡಿಲ್ಲ. ನಿಮ್ಮಲ್ಲಿ ಎಷ್ಟು ಮನೆಯ ಹಿರಿಯರು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಕದ್ದು ಓದಿಯೇ ಕನ್ನಡ ಸರಾಗ ಮಾಡಿಕೊಂಡರು, ಒಮ್ಮೆ ಕೇಳಿ ನೋಡಿ.

ನನಗೂ ಒಂದು ತಕರಾರು ಇದೆ, ಅದು ಕೊಲೆಯ ಬಗ್ಗೆ ಅಲ್ಲ. ಆಕೆಯ ಹಳೆಯ ಪುಸ್ತಕಗಳಲ್ಲಿ ಯಹೂದಿಗಳ ಬಗ್ಗೆ, ಹೊರದೇಶದವರ ಬಗ್ಗೆ ಕೀಳಾಗಿ ಆಡಿದ ಮಾತುಗಳಿವೆ. 1939ರ ಒಂದು ಕಾದಂಬರಿಯ ಹೆಸರಂತೂ ಕಪ್ಪುಜನರನ್ನು ಹೀಯಾಳಿಸುವಂತಿತ್ತು, ಆಮೇಲೆ ಬದಲಾಯಿಸಿದರು. ಅಂಥ ಪುಟಗಳನ್ನು ಮುಚ್ಚಿಡದೆ ಮಕ್ಕಳೊಡನೆ ಕೂತು ಮಾತಾಡುತ್ತಿದ್ದೇವೆ. ಆರು, ಏಳನೇ ತರಗತಿಯವರಿಗೆ ಈ ಪುಸ್ತಕಗಳನ್ನು ಕೊಡುತ್ತಿಲ್ಲ. ಪರೀಕ್ಷೆಗೆ ಎರಡು ವಾರ ಮೊದಲು ಯಾರಿಗೂ ಕೊಡುವುದಿಲ್ಲ. ಆ ಮಟ್ಟಿಗೆ ನಿಮ್ಮ ಮಾತು ಒಪ್ಪಿದ್ದೇನೆ.

ಈಗ ನನ್ನ ದೂರು. ಯಾರೋ ಪುಣ್ಯಾತ್ಮರು ಎರಡು ಪುಸ್ತಕಗಳ ಮೊದಲ ಪುಟದಲ್ಲೇ ಕೊಲೆಗಾರನ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿದ್ದಾರೆ, ಅಡಿಗೆರೆ ಸಮೇತ. ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕ ಲಂಡನ್ನಿನಲ್ಲಿ ಶುರುವಾಗಿದ್ದು 1952ರಲ್ಲಿ. ಕೋವಿಡ್ ಕಾಲದಲ್ಲಿ ನಿಂತದ್ದು ಬಿಟ್ಟರೆ ನಡೆಯುತ್ತಲೇ ಬಂದಿದೆ. ಗುಟ್ಟು ಹೊರಗೆ ಹೇಳಬೇಡಿ ಎಂದು ಆಟ ಮುಗಿದ ಮೇಲೆ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. ನಮ್ಮ ಒಂಬತ್ತನೇ ತರಗತಿಗೆ ಅಷ್ಟು ತಾಳ್ಮೆ ಇಲ್ಲ. ಅಕ್ಷರ ಯಾರದೆಂದು ನನಗೆ ಅಂದಾಜಿದೆ. ಲೈಬ್ರರಿ ಮೇಜಿನ ಮೇಲೆ ರಬ್ಬರ್ ಇಟ್ಟಿದ್ದೇನೆ. ಬಂದು ಅಳಿಸಿದರೆ ಕೇಸು ಮುಗಿಯಿತು.

ಬಾಕಿ ಇರುವ ನಾಲ್ಕು ಪುಸ್ತಕಗಳನ್ನು ಶನಿವಾರದೊಳಗೆ ಕಳಿಸಿಕೊಡಿ. ಓದುತ್ತಿರುವುದು ಮಗುವಲ್ಲ, ನೀವೇ ಆಗಿದ್ದರೆ ಡೈರಿಯಲ್ಲಿ ಒಂದು ಸಾಲು ಬರೆಯಿರಿ, ಇನ್ನೊಂದು ವಾರ ಇಟ್ಟುಕೊಳ್ಳಬಹುದು.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ