ಸ್ಫೋಟದ ನಂತರದ ಕಥೆಯನ್ನೂ ಕೊಡಿ

ಮಾನ್ಯ ಸಂಪಾದಕರೇ,

ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ದಾಳಿಯ ಕುರಿತ ನಿಮ್ಮ ಲೇಖನ ಸ್ಫೋಟದಲ್ಲೇ ಮುಗಿದಿದ್ದು ಬೇಸರ ತಂದಿತು. 1941ರ ಡಿಸೆಂಬರ್ 19ರಂದು ಇಟಲಿಯ ಮುಳುಗುಗಾರರು ಬ್ರಿಟಿಷರ ಕ್ವೀನ್ ಎಲಿಜಬೆತ್, ವೇಲಿಯಂಟ್ ಯುದ್ಧನೌಕೆಗಳ ತಳ ಒಡೆದರು, ಸರಿ. ಆಮೇಲೆ ಆಗಿದ್ದೇ ಜಾಸ್ತಿ ಮುಖ್ಯ ಅಲ್ವಾ? ಬಂದರಿನಲ್ಲಿ ನೀರು ಅಷ್ಟು ಆಳವಿರಲಿಲ್ಲ. ಹಡಗುಗಳು ನೆಲಕ್ಕೆ ಕೂತರೂ ಮೇಲ್ಭಾಗ ನೀರಿನ ಮೇಲೇ ಇತ್ತು. ಬ್ರಿಟಿಷರು ಏನೂ ಆಗಿಲ್ಲವೆಂಬಂತೆ ಸುದ್ದಿ ಮುಚ್ಚಿಟ್ಟರು. ಅಂದು ಬ್ರಿಟಿಷರ ಕೈಗೆ ಸಿಕ್ಕಿಬಿದ್ದಿದ್ದ ಇಟಲಿಯ ಮುಳುಗುಗಾರ ಡೆ ಲಾ ಪೆನ್ನೆ ಅವರಿಗೆ 1945ರಲ್ಲಿ ಇಟಲಿಯ ಚಿನ್ನದ ಪದಕ ತೊಡಿಸಿದವರು ವೇಲಿಯಂಟ್‌ನ ಅಂದಿನ ಕ್ಯಾಪ್ಟನ್ ಮಾರ್ಗನ್ ಅವರೇ! ಅಮಾನಿಕೆರೆ ಏರಿಯ ಮೇಲೆ ಮೊಮ್ಮಗನಿಗೆ ಇದನ್ನು ಹೇಳಿದಾಗ ಅವನು ನೀರನ್ನೇ ನೋಡುತ್ತಾ ಕೂತ. ಸಮುದ್ರ ಕಾಣದ ಮಕ್ಕಳಿಗಾಗಿ ಬಂದರಿನ ನಕ್ಷೆಯೊಂದಿಗೆ ಇನ್ನೊಂದು ಕಂತು ಪ್ರಕಟಿಸಿ.

– ಹಿರಿಯ ಓದುಗ, ತುಮಕೂರು