ರಾಶಿ ಆಗುವ ಹೊತ್ತಿಗೇ ಖರೀದಿ ಶುರುವಾಗಲಿ

ಮಾನ್ಯರೇ,

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ನಾವೆಲ್ಲ ಖುಷಿಪಟ್ಟಿದ್ದೆವು. ಹೆಸರೇನೋ ಬಂತು, ಅದಕ್ಕೆ ತಕ್ಕ ರೇಟು ಬರಲಿಲ್ಲ.

2025–26ಕ್ಕೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿತು. ಅದೇ ಸರ್ಕಾರ ಮೊಜಾಂಬಿಕ್, ಮ್ಯಾನ್ಮಾರ್‌ ತೊಗರಿ ಸುಂಕವಿಲ್ಲದೆ ಬರಲೂ ಬಿಟ್ಟಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡ ಹಾಗಾಯಿತು, ಅಲ್ವಾ?

ನನ್ನದು ನಾಲ್ಕು ಎಕರೆ ಮಳೆಯಾಶ್ರಿತ ಹೊಲ. ಬೀಜ, ಗೊಬ್ಬರಕ್ಕೆ ನಮ್ಮ ಮಾಲು ಮಾರಿಸುವ ದಲ್ಲಾಳಿಯ ಅಡತಿ ಅಂಗಡಿಯಲ್ಲೇ ಸಾಲ. ರಾಶಿ ಮುಗಿದ ಮರುದಿನವೇ ಅವರ ಫೋನ್. ಖರೀದಿ ಕೇಂದ್ರ ಇನ್ನೂ ತೆರೆದಿರುವುದಿಲ್ಲ. ತೆರೆದರೂ ನೋಂದಣಿ, ಶೇ 12ರ ತೇವಾಂಶದ ಮಿತಿ, ಆಮೇಲೆ ಹಣಕ್ಕಾಗಿ ಕಾಯುವುದು. ಸಾಲ ಕೊಟ್ಟವನ ಮುಂದೆ ಚೌಕಾಸಿ ಎಲ್ಲಿಂದ ಬರಬೇಕು? ಅವನು ಹೇಳಿದ ರೇಟಿಗೆ ಹಾಕಿ ಬರುತ್ತೇವೆ. ಗೋದಾಮು ಇದ್ದವರಷ್ಟೇ ಬೆಂಬಲ ಬೆಲೆ ಕಾಣುತ್ತಾರೆ.

ಹೊಲದ ಕಥೆಯೂ ಅಷ್ಟೇ. ವರ್ಷ ವರ್ಷ ತೊಗರಿಯನ್ನೇ ಬಿತ್ತಿ ಗಿಡವನ್ನೇ ಒಣಗಿಸುವ ನೆಟೆ ರೋಗವನ್ನು ಮಣ್ಣಿನಲ್ಲೇ ಸಾಕಿದ್ದೇವೆ. ಇದರಲ್ಲಿ ನಮ್ಮ ತಪ್ಪೂ ಇದೆ. ಅಪ್ಪನ ಕಾಲದಲ್ಲಿ ಜೋಳ, ಎಳ್ಳು, ಹೆಸರು ಸಾಲು ಬದಲಿಸಿ ಬರುತ್ತಿದ್ದವು. ಈಗ ಬದಲಿಸೋಣ ಎಂದರೆ ಜೋಳ ಕೊಯ್ಯಲು ಆಳು ಸಿಗುವುದಿಲ್ಲ.

ಡಿಸೆಂಬರ್‌ನಲ್ಲೇ ಖರೀದಿ ಶುರು ಮಾಡಿ. ಬೆಳೆ ಬದಲಿಸುವ ಸಣ್ಣ ರೈತನಿಗೆ ಎಕರೆಗೆ ಇಷ್ಟು ಎಂದು ನೇರವಾಗಿ ಹಣ ಕೊಡಿ.

– ಒಬ್ಬ ತೊಗರಿ ಬೆಳೆಗಾರ, ಕಲಬುರಗಿ ಜಿಲ್ಲೆ