ರಾತ್ರಿಯ ಸೆಕೆಗೂ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಸೌರಫಲಕಗಳ ಬೆಲೆ ಪಾತಾಳಕ್ಕೆ ಇಳಿದಿರುವುದರಿಂದ ಬಿಸಿಲ ಪ್ರದೇಶದ ಬಡಾವಣೆಗಳು ಗ್ರಿಡ್ಡಿನ, ಅಂದರೆ ಸಾರ್ವಜನಿಕ ವಿದ್ಯುತ್ ಜಾಲದ, ಹಂಗು ತೊರೆದು ತಮಗೆ ಬೇಕಾದ ವಿದ್ಯುತ್ತನ್ನು ತಾವೇ ಅಗ್ಗವಾಗಿ ಪಡೆಯಬಹುದು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಬೆಲೆ ಇಳಿದಿರುವುದು ನಿಜ. ಆದರೆ ಒಟ್ಟು ವ್ಯವಸ್ಥೆಯೂ ಅಗ್ಗವೇ ಎಂದು ಒಪ್ಪುವ ಮೊದಲು ರಾತ್ರಿಯ ಲೆಕ್ಕವನ್ನು ನೋಡಬೇಕು.

ಕಾವು ಏರಿದಷ್ಟೂ ವಿದ್ಯುತ್ ಹೆಚ್ಚುತ್ತದೆ ಎಂದು ನಂಬಿದವರು ಬಹಳ; ಅದು ತಪ್ಪು. ಫಲಕದ ಮೇಲೆ ನಮೂದಿಸಿದ ವ್ಯಾಟ್ ಸಂಖ್ಯೆಯು ಸೌರಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗಿನದು. ಅದಕ್ಕಿಂತ ಹೆಚ್ಚುವ ಪ್ರತಿ ಡಿಗ್ರಿಗೆ ಸಿಲಿಕಾನ್ ಫಲಕದ ಉತ್ಪಾದನೆ ಸುಮಾರು ಶೇ 0.3ರಿಂದ 0.4ರಷ್ಟು ಕುಗ್ಗುತ್ತದೆ. ಕಡುಬೇಸಿಗೆಯ ಮಧ್ಯಾಹ್ನ ಕೋಶವು 65 ಡಿಗ್ರಿಗೆ ಕಾದರೆ ಶೇ 12ರಿಂದ 16ರಷ್ಟು ಖೋತಾ. ಧೂಳಿನ ನಷ್ಟ ಬೇರೆ. ಆದರೂ ಒಂದೆರಡು ಫಲಕ ಹೆಚ್ಚಿಗೆ ಹಾಕಿ ಇದನ್ನು ತುಂಬಿಕೊಳ್ಳಬಹುದು.

ನಿಜವಾದ ಖರ್ಚು ಇರುವುದು ಸೂರ್ಯ ಮುಳುಗಿದ ಮೇಲೆ. ಹಗಲೆಲ್ಲ ಕಾದ ಕಾಂಕ್ರೀಟ್ ಚಾವಣಿ ನಡುರಾತ್ರಿಯವರೆಗೂ ಕೋಣೆಯೊಳಗೆ ಶಾಖ ಬಿಡುತ್ತಲೇ ಇರುತ್ತದೆ. ಒಂದು ಟನ್ನಿನ ಎ.ಸಿ. ಸರಾಸರಿ 600 ವ್ಯಾಟ್‌ನಂತೆ 9 ಗಂಟೆ ನಡೆದರೆ 5.4 ಯೂನಿಟ್ ಬೇಕು. ಇನ್ವರ್ಟರಿನ ನಷ್ಟ ಸೇರಿಸಿದರೆ ಇದು 6 ಯೂನಿಟ್ ಆಗುತ್ತದೆ. ಲಿಥಿಯಂ ಬ್ಯಾಟರಿಯನ್ನು ಶೇ 80ರಷ್ಟು ಮಾತ್ರ ಖಾಲಿ ಮಾಡುವುದಾದರೆ 7.5 ಯೂನಿಟ್ ಸಾಮರ್ಥ್ಯದ್ದು ಬೇಕು. ಅರ್ಧಕ್ಕಿಂತ ಹೆಚ್ಚು ಇಳಿಸಬಾರದ ಲೆಡ್-ಆಸಿಡ್ ಆದರೆ 12 ಯೂನಿಟ್‌ನದು. ಇದು ಒಂದೇ ಕೋಣೆಯ ಕಥೆ. ಲಿಥಿಯಂ ಬ್ಯಾಟರಿಯ ಬೆಲೆ 2010ರಲ್ಲಿದ್ದುದರ ಹತ್ತನೇ ಒಂದು ಭಾಗದ ಆಸುಪಾಸಿಗೆ ಬಂದಿದ್ದರೂ ಇಷ್ಟು ದೊಡ್ಡ ಬ್ಯಾಟರಿ ಅನೇಕ ಕುಟುಂಬಗಳಿಗೆ ಭಾರವೇ. ಅಗ್ಗವೆಂದು ಲೆಡ್-ಆಸಿಡ್ ಕೊಂಡರೂ ನೆಮ್ಮದಿಯಿಲ್ಲ. ಉಷ್ಣತೆ 25ರಿಂದ 35 ಡಿಗ್ರಿಗೆ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದರಿಂದ, ಕಾದ ತಾರಸಿಯ ತಗಡಿನ ಪೆಟ್ಟಿಗೆಯಲ್ಲಿಟ್ಟ ಬ್ಯಾಟರಿಯನ್ನು ಪದೇ ಪದೇ ಬದಲಿಸಬೇಕಾಗುತ್ತದೆ. ಆ ಮರುಖರ್ಚನ್ನೂ ಸಾಲದ ಬಡ್ಡಿಯನ್ನೂ ಬಿಟ್ಟು ಯೂನಿಟ್ ದರ ಹೇಳುವುದು ಜನರನ್ನು ದಾರಿತಪ್ಪಿಸಿದಂತೆ.

ಆದ್ದರಿಂದ ಮೊದಲು ಹಣ ಹಾಕಬೇಕಾದುದು ಫಲಕಕ್ಕಲ್ಲ, ಸೆಕೆ ತಗ್ಗಿಸುವುದಕ್ಕೆ. ಚಾವಣಿಗೆ ಬಿಸಿಲನ್ನು ಹಿಂದೆ ಚೆಲ್ಲುವ ಬಿಳಿ ಲೇಪನ, ಕಿಟಕಿಗೆ ಹೊರಗಿನಿಂದ ನೆರಳು, ಹಳೆಯ 75 ವ್ಯಾಟ್ ಫ್ಯಾನಿನ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿ.ಸಿ. ಮೋಟರಿನ) ಫ್ಯಾನ್: ಇವು ಕೇಳಲು ಸಪ್ಪೆ, ಉದ್ಘಾಟನೆಗಂತೂ ಒದಗುವುದಿಲ್ಲ. ಆದರೆ ಅಂಥ ಎರಡು ಫ್ಯಾನ್ 9 ಗಂಟೆ ತಿರುಗಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಸಾಕು. ಎ.ಸಿ.ಯನ್ನು ಪೂರ್ತಿ ಬಿಡಲಾಗದಿದ್ದರೂ ಅದು ನಡೆಯುವ ಗಂಟೆಗಳು ಕಡಿಮೆಯಾದಷ್ಟೂ ಬ್ಯಾಟರಿ ಚಿಕ್ಕದಾಗುತ್ತದೆ.

ಎರಡನೆಯದಾಗಿ, ಮನೆಗೊಂದು ಬ್ಯಾಟರಿ, ಮನೆಗೊಂದು ಇನ್ವರ್ಟರ್ ಎಂಬ ಪದ್ಧತಿಯೇ ದುಬಾರಿ. ಎಲ್ಲರ ಮನೆಯ ಎ.ಸಿ. ಕಂಪ್ರೆಸರ್‌ಗಳೂ ಒಂದೇ ಕ್ಷಣಕ್ಕೆ ಪೂರ್ಣಬಲದಲ್ಲಿ ಓಡುವುದಿಲ್ಲವಾದ್ದರಿಂದ, ಹಲವು ಮನೆಗಳು ಹಂಚಿಕೊಳ್ಳುವ ಪುಟ್ಟ ವಿದ್ಯುತ್ ಜಾಲಕ್ಕೆ (ಮೈಕ್ರೋಗ್ರಿಡ್) ಬೇಕಾದ ಇನ್ವರ್ಟರ್ ಸಾಮರ್ಥ್ಯವು ಬಿಡಿ ಮನೆಗಳ ಮೊತ್ತಕ್ಕಿಂತ ಕಡಿಮೆ. ಒಬ್ಬರ ಮನೆಯಲ್ಲಿ ಉಳಿದು ಪೋಲಾಗುವ ವಿದ್ಯುತ್ತು ಪಕ್ಕದವರಿಗೆ ಒದಗುತ್ತದೆ. ಮೀಟರು, ನಿರ್ವಹಣೆ, ಬಾಕಿ ವಸೂಲಿಯ ಜಗಳಗಳು ಇದ್ದದ್ದೇ. ಅವುಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನುಳಿದದ್ದು ಸತತ ಮೂರ್ನಾಲ್ಕು ದಿನ ಮೋಡ ಕವಿದಾಗಿನ ಪಾಡು. ವರ್ಷದಲ್ಲಿ ಬೆರಳೆಣಿಕೆಯಷ್ಟು ಬರುವ ಆ ದಿನಗಳಿಗಾಗಿ ಬ್ಯಾಟರಿಯನ್ನು ಎರಡು ಪಟ್ಟು ಮಾಡುವುದಕ್ಕಿಂತ, ತಂತಿ ಹತ್ತಿರದಲ್ಲೇ ಹಾದುಹೋಗಿರುವ ಬಡಾವಣೆಗಳು ಗ್ರಿಡ್ಡಿನ ಸಣ್ಣದೊಂದು ಸಂಪರ್ಕ ಉಳಿಸಿಕೊಳ್ಳುವುದೇ ಅಗ್ಗವೆಂದು ನನ್ನ ಅಭಿಪ್ರಾಯ. ಗ್ರಿಡ್‌ರಹಿತ ವ್ಯವಸ್ಥೆಯು ತಂತಿ ತಲುಪದ ಅಥವಾ ತಲುಪಿಯೂ ದಿನಕ್ಕೆ ಕೆಲವೇ ಗಂಟೆ ವಿದ್ಯುತ್ ಕಾಣುವ ಕಡೆಗಳಿಗೆ ಮೊದಲು ಸಲ್ಲಲಿ.

– ಓರ್ವ ಓದುಗ